ಪುಟ್ಟತಾಯಮ್ಮನ ಹೊಟ್ಟೆಯಲ್ಲಿ ಇಲ್ಲದ ಪಿತ್ತಕೋಶ

೧

ಡಾಕ್ಟರೊಬ್ಬರ ಕಥೆಯನ್ನು ಎಲ್ಲಿಂದ ಶುರು ಮಾಡುವುದು ಸ್ವಾಮಿ? ಡಾಕ್ಟರನ್ನು ಕೇಳಿದರೆ ‘ಎಲ್ಲಿ ನೋವು ತೋರಿಸಿ’ ಅನ್ನುತ್ತಾರೆ, ಅಲ್ಲಿಂದ. ವಿಮಾ ಕಂಪನಿಯನ್ನು ಕೇಳಿದರೆ ‘ಕಾರ್ಡ್ ತೋರಿಸಿ’ ಅನ್ನುತ್ತದೆ, ಅಲ್ಲಿಂದ. ಪುಟ್ಟತಾಯಮ್ಮನನ್ನು ಕೇಳಿದರೆ, ‘ಮೊದ್ಲು ಕುಂತ್ಕೊ, ನಿಂತ್ಕಂಡು ಯೋಳೋ ಮಾತಾ ಇದು’ ಅನ್ನುತ್ತಾಳೆ. ಮೂರೂ ಕಡೆಯಿಂದ ಶುರು ಮಾಡಿ ಮೂರನ್ನೂ ಹರಿದು ಹಾಕಿದ್ದೇನೆ. ಇದು ನಾಲ್ಕನೆಯದು. ನೀವು ಇನ್ನೂ ಓದುತ್ತಿದ್ದೀರಿ ಅಂದರೆ ತಾಳ್ಮೆ ನಿಮ್ಮದು, ನನಗೆ ಅದರಲ್ಲಿ ಪಾಲಿಲ್ಲ.

ವಿಷಯ ಇಷ್ಟು. ಸಮ್ರೀನ್ ಅಂತ ಒಬ್ಬ ಡಾಕ್ಟರು. ಪಾಂಡವಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಪಾಲುದಾರರಾಗಿದ್ದವರು. ವಿಮಾ ಕಂಪನಿಗಳ ಜೊತೆಗಿನ ಒಪ್ಪಂದಗಳನ್ನೆಲ್ಲ ಬಿಟ್ಟು ಶ್ರೀರಂಗಪಟ್ಟಣದಲ್ಲಿ ತಮ್ಮದೇ ಸಣ್ಣ ಕ್ಲಿನಿಕ್ ತೆರೆದಿದ್ದಾರೆ. ಅಲ್ಲಿ ಯಾವ ಕಾರ್ಡೂ ನಡೆಯುವುದಿಲ್ಲ, ಕೈಗೆ ಕೊಡುವ ಫೀಸು ಮಾತ್ರ; ಬಾಗಿಲಿನ ಹಲಗೆಯ ಮೇಲೆ ಹಾಗೇ ಬರೆದಿದೆ. ಪುಟ್ಟತಾಯಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದವಳು. ಎರಡು ಹಸು, ಒಂದಿಷ್ಟು ಗದ್ದೆ, ಬಲಪಕ್ಕೆಯ ಕೆಳಗೆ ನೋವು. ಆ ನೋವು ಕೀವಾಗಿ ಒಡೆಯುವ ಮೊದಲು ಅವಳು ಡಾಕ್ಟರ ಹತ್ತಿರ ವಾಪಸು ಬರುತ್ತಾಳೋ ಇಲ್ಲವೋ ಅನ್ನುವುದಷ್ಟೇ ಕಥೆ. ಮಿಕ್ಕಿದ್ದು ನನ್ನ ತಲೆಹರಟೆ.

(ಇಬ್ಬರನ್ನೂ ಹುಟ್ಟಿಸಿದವನು ನಾನೇ. ಹುಟ್ಟಿಸಿದವರ ಮಾತು ಕೇಳಬೇಕು ಅನ್ನುವ ನಿಯಮ ಮಕ್ಕಳಿಗೇ ಇಲ್ಲ, ಇನ್ನು ಪಾತ್ರಗಳಿಗೆ ಎಲ್ಲಿಂದ ಬರಬೇಕು.)

೨

‘ಅವತ್ತು ಡಾಕ್ಟರ್ ಸಮ್ರೀನ್ ಒಪ್ಪಂದದ ಕಾಗದಗಳನ್ನು ಮ್ಯಾನೇಜರ್ ಕುಮಾರನ ಮೇಜಿನ ಮೇಲೆ ಎಸೆದು, ಒಮ್ಮೆಯೂ ಹಿಂತಿರುಗಿ ನೋಡದೆ ಮೆಟ್ಟಿಲಿಳಿದು...’

‘ಎಸೀಲಿಲ್ಲ ಸಾರ್,’ ಅಂದರು ಸಮ್ರೀನ್.

ನಾನು ಇದನ್ನು ಬರೆಯುತ್ತಿದ್ದುದು ಅವರದೇ ಕ್ಲಿನಿಕ್ಕಿನ ಬೆಂಚಿನ ಮೇಲೆ. (ಕಥೆಯೊಳಗೆ ನಾನು ಅವರ ಸಕ್ಕರೆ ಕಾಯಿಲೆಯ ಪೇಷಂಟು. ಪುಕ್ಕಟೆ ತಪಾಸಣೆ ಸಿಗಲಿ ಅಂತ ನನ್ನನ್ನೂ ಒಳಗೆ ಸೇರಿಸಿಕೊಂಡೆ. ಫೀಸು ತಗೊಂಡೇ ಬಿಟ್ಟರು.)

‘ಮತ್ತೇನು ಮಾಡಿದ್ರಿ?’

‘ಸ್ಕೂಟರಲ್ಲಿ ಮನೆಗೆ ಬಂದೆ. ಅಮ್ಮಿ ಮಾಡಿದ್ದ ಸೊಪ್ಪಿನ ಸಾರು ಉಂಡೆ. ಬೆಳಿಗ್ಗೆ ಎದ್ದು ಇಮೇಲ್ ಕಳಿಸಿದೆ. ನೋಟಿಸ್ ಪೀರಿಯಡ್ ಅಂತ ಇರುತ್ತೆ, ಅದು ಮುಗಿಯೋ ತನಕ ಅಲ್ಲೇ ಕೂತು ಅದೇ ಫಾರಂಗಳಿಗೆ ಸೈನ್ ಹಾಕಿದೆ.’

‘ಇದನ್ನ ಬರೆದರೆ ಯಾರು ಓದ್ತಾರೆ?’

‘ಓದ್ದೇ ಇರ್ಲಿ. ನಾನೇನು ಹೀರೋಯಿನ್ ಅಲ್ಲ. ಮೊದಲನೇ ಸುಳ್ಳಿಗೆ ಸೈನ್ ಹಾಕಿದ್ದೂ ನಾನೇ. ಬರೆಯೋದಾದ್ರೆ ಅಲ್ಲಿಂದ ಬರೀರಿ, ಇಲ್ಲದಿದ್ರೆ ಈ ಬೆಂಚು ಬಿಟ್ಟು ಬೇರೆ ಕಡೆ ಕೂತ್ಕೊಳ್ಳಿ.’

ಅವರ ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಎಸೆಯುವ ದೃಶ್ಯವನ್ನು ಹೊಡೆದು ಹಾಕಿದೆ.

೩

ಸಿಂಧಘಟ್ಟದಲ್ಲಿ ಪುಟ್ಟತಾಯಮ್ಮ ಇರುವ ಬೀದಿಯಲ್ಲಿ ಏಣಿ ಇರುವುದು ಒಂದೇ ಮನೆಯಲ್ಲಿ. ದೊಡ್ಡ ಇಡ್ಲಿಪಾತ್ರೆ ಇನ್ನೊಂದು ಮನೆಯಲ್ಲಿ, ಔಷಧಿ ಹೊಡೆಯುವ ಕ್ಯಾನು ಮತ್ತೊಂದರಲ್ಲಿ. ಯಾರಿಗೆ ಬೇಕೋ ಅವರು ಕೇಳಿ ಒಯ್ಯುತ್ತಾರೆ, ಕೆಲಸ ಮುಗಿದ ಮೇಲೆ ತೊಳೆದು ತಂದಿಡುತ್ತಾರೆ. ಹೆಪ್ಪಿಗೆ ಮಜ್ಜಿಗೆ ಕೇಳಿದವರಿಗೆ ಇಲ್ಲ ಅನ್ನಬಾರದು ಅನ್ನುವುದು ಅಲ್ಲಿ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿರುವ ಮಾತು.

ಪಕ್ಕದ ಮನೆಯ ಪ್ರಮೀಳಾಗೆ ಪಿತ್ತಕೋಶದಲ್ಲಿ ಕಲ್ಲಾಯಿತು. ಗೋಡೆ ಹಿಡಿದುಕೊಂಡು ಒದ್ದಾಡುತ್ತಿದ್ದಳು. ಗಂಡ ಲೋಕೇಶ್ ಮನೆಯ ವಿಮಾ ಕಾರ್ಡನ್ನು ರಿನ್ಯೂ ಮಾಡಿಸದೆ ಬಿಟ್ಟಿದ್ದ. ಪುಟ್ಟತಾಯಮ್ಮ ಒಳಗೆ ಹೋಗಿ, ಅಕ್ಕಿ ಡಬ್ಬದೊಳಗೆ ಇಟ್ಟಿದ್ದ ತನ್ನ ಕಾರ್ಡನ್ನು ತಂದು ಅವನ ಕೈಗಿಟ್ಟಳು.

‘ತಗಂಡೋಗ್ಲಾ. ಕೆಲ್ಸ ಆದ್ಮೇಲೆ ತಂದ್ಕೊಡು. ನಂಗೇನು ಈಗ ಬೇಕಾಗಿಲ್ಲ.’

ಏಣಿ ಕೊಟ್ಟ ಹಾಗೇ ಕೊಟ್ಟಳು. ಮೋಸ ಅನ್ನುವ ಮಾತು ಆ ಬೀದಿಯಲ್ಲಿ ಯಾರ ತಲೆಗೂ ಬರಲಿಲ್ಲ. ಸುಮ್ಮನೆ ಬಿದ್ದಿರುವ ವಸ್ತು ಬೇಕಾದವರಿಗೆ ಆಗಬೇಕು, ಅಷ್ಟೇ. ಆಮೇಲೆ ಪ್ರಮೀಳಾ ಕಾರ್ಡನ್ನು ಸೆರಗಿನಲ್ಲಿ ಒರೆಸಿ, ಮೇಲೊಂದು ಚಿಪ್ಪು ಬಾಳೆಹಣ್ಣಿಟ್ಟು ವಾಪಸು ಕೊಟ್ಟಳು.

ನಡುವೆ ಪಾಂಡವಪುರದ ನರ್ಸಿಂಗ್ ಹೋಮಿನಲ್ಲಿ ಆದದ್ದು ಇದು. ಸಮ್ರೀನ್ ಮಂಚದ ಹತ್ತಿರ ಬಂದು ‘ಪುಟ್ಟತಾಯಮ್ಮ’ ಅಂತ ಕರೆದರು. ಮಲಗಿದ್ದ ಹೆಂಗಸು ಫ್ಯಾನು ನೋಡುತ್ತಿದ್ದಳು. ಮತ್ತೆ ಕರೆದರು. ಅವಳು ಫ್ಯಾನನ್ನೇ ನೋಡುತ್ತಿದ್ದಳು. ಲೋಕೇಶ್ ಅವಳ ಭುಜ ತಿವಿದ. ಆಗ ‘ಆ?’ ಅಂದಳು. ಕಾರ್ಡಿನ ಫೋಟೋ ಮಾಸಿಹೋಗಿತ್ತು. ಮ್ಯಾನೇಜರ್ ಕುಮಾರ್ ಸಮ್ರೀನರ ಮುಖ ನೋಡಿದ.

‘ಕಾರ್ಡಲ್ಲಿ ಯಾರ ಮುಖ ಯಾರ ಥರ ಇರುತ್ತೆ ಮೇಡಂ. ನೀವು ಹೊಟ್ಟೆ ನೋಡಿ ಸಾಕು.’

ಹೊಟ್ಟೆ ನಿಜವಾಗಿಯೂ ಕೆಟ್ಟಿತ್ತು. ಸಮ್ರೀನ್ ಸಹಿ ಹಾಕಿದರು. ಮೈಸೂರಿನಿಂದ ಬಂದ ಸರ್ಜನ್ ಆಪರೇಷನ್ ಮಾಡಿದರು, ಪ್ರಮೀಳಾ ಬದುಕಿದಳು, ಕಂಪನಿಯ ಕಂಪ್ಯೂಟರಿನಲ್ಲಿ ಪುಟ್ಟತಾಯಮ್ಮನ ಪಿತ್ತಕೋಶ ಹೋಯಿತು.

೪

(ಇಲ್ಲಿ ನಾನು ಒಂದು ಪುಟ ಪಿತ್ತಕೋಶದ ಬಗ್ಗೆ ಬರೆದಿದ್ದೆ. ಇಂಟರ್ನೆಟ್ಟಿನಿಂದ ಕದ್ದದ್ದು. ಸಮ್ರೀನ್ ಓದಿ, ‘ಇದರಲ್ಲಿ ಲಿವರ್ ಎಡಗಡೆಗೆ ಬಂದಿದೆ’ ಅಂದರು. ಹರಿದೆ.)

ವರ್ಷ ಕಳೆದ ಮೇಲೆ ಪುಟ್ಟತಾಯಮ್ಮನಿಗೇ ನೋವು ಬಂತು. ಅದೇ ಜಾಗ, ಅದೇ ನೋವು. ಅದೇ ಕಾರ್ಡು ಹಿಡಿದುಕೊಂಡು ಅದೇ ನರ್ಸಿಂಗ್ ಹೋಮಿಗೆ ಬಂದಳು, ಜೊತೆಗೆ ಪ್ರಮೀಳಾ. ಸಮ್ರೀನ್ ಅವಳನ್ನು ಮಲಗಿಸಿ, ಬಲಪಕ್ಕೆಯ ಕೆಳಗೆ ಬೆರಳುಗಳನ್ನೂರಿ, ‘ನಿಧಾನಕ್ಕೆ ಉಸಿರು ಎಳ್ಕೊಳ್ಳಿ’ ಅಂದರು.

ಇದೊಂದು ಹಳೆಯ ಪರೀಕ್ಷೆಯಂತೆ. ಉಸಿರು ಎಳೆದಾಗ ಒಳಗಿನ ಪಿತ್ತಕೋಶ ಕೆಳಗೆ ಸರಿದು ಡಾಕ್ಟರ ಬೆರಳಿಗೆ ತಾಗುತ್ತದೆ. ಅದು ಊದಿಕೊಂಡಿದ್ದರೆ ಉಸಿರು ಅರ್ಧದಲ್ಲೇ ತಾನಾಗಿ ನಿಂತುಹೋಗುತ್ತದೆ. ಚೆನ್ನಾಗಿದ್ದರೆ ಪೂರ್ತಿ ಒಳಗೆ ಹೋಗುತ್ತದೆ.

ಪುಟ್ಟತಾಯಮ್ಮನ ಉಸಿರು ಅರ್ಧದಲ್ಲಿ ನಿಂತಿತು. ಅವಳ ಕೈ ಬಂದು ಡಾಕ್ಟರ ಮಣಿಕಟ್ಟು ಹಿಡಿಯಿತು.

ಸ್ಕ್ಯಾನಿಂಗ್‌ನಲ್ಲೂ ಅದೇ ಕಂಡಿತು. ಕುಮಾರ್ ಅನುಮತಿಗೆ ಕಂಪನಿಗೆ ಕಳಿಸಿದ. ಟೀ ಕುಡಿದು ಮುಗಿಸುವುದರೊಳಗೆ ಉತ್ತರ ಬಂತು: ಈ ಸದಸ್ಯರ ಪಿತ್ತಕೋಶವನ್ನು ಈಗಾಗಲೇ ತೆಗೆಯಲಾಗಿದೆ, ಎರಡನೆಯ ಬಾರಿ ತೆಗೆಯಲು ಅನುಮತಿ ಇಲ್ಲ.

ಇದನ್ನು ಬರೆಯುವಾಗ ನನಗೆ ನಗು ಬಂತು. ನಿಮಗೂ ಬಂದಿರಬಹುದು. ತಲೆಯೆತ್ತಿದರೆ ಪುಟ್ಟತಾಯಮ್ಮ ಎದುರಿಗೆ ಕೂತು ನನ್ನನ್ನೇ ನೋಡುತ್ತಿದ್ದಳು.

‘ನಗು ಬತ್ತದಾ ನಿಂಗೆ?’ ಅಂದಳು. ‘ನಗಪ್ಪ. ಒಟ್ಟೆ ನಿಂದಲ್ವಲ್ಲ.’

ಪೆನ್ನು ಕೆಳಗಿಟ್ಟೆ. ಆವತ್ತು ಮತ್ತೆ ಬರೆಯಲಾಗಲಿಲ್ಲ. ಈ ಕಥೆ ತಮಾಷೆಯದಾಗುತ್ತದೆ ಅಂತ ನಾನು ಅಂದುಕೊಂಡಿದ್ದೆ, ಆ ಅಂದಾಜು ಅಲ್ಲಿಗೆ ಮುಗಿಯಿತು.

೪ (ಮಾರನೆಯ ದಿನ)

ಕುಮಾರನ ಹತ್ತಿರ ಉಪಾಯ ಇತ್ತು. ‘ಹರ್ನಿಯಾ ಅಂತ ಹಾಕೋಣ ಮೇಡಂ. ಕೊಯ್ಯೋದು ಹೊಟ್ಟೆನೇ ತಾನೆ. ಒಳಗೆ ಹೋಗಿ ಏನು ತೆಗೆದ್ರು ಅಂತ ಕಂಪನಿ ಬಗ್ಗಿ ನೋಡುತ್ತಾ?’

‘ನಾಳೆ ಅವರಿಗೆ ನಿಜವಾಗ್ಲೂ ಹರ್ನಿಯಾ ಆದ್ರೆ?’

‘ಆವಾಗ ಇನ್ನೇನಾದ್ರೂ ಹಾಕಣ.’

‘ಹೀಗೇ ಹಾಕ್ತಾ ಹೋದ್ರೆ ಆ ಯಮ್ಮನ ಒಳಗೆ ಏನೂ ಉಳಿಯಲ್ಲ ಕುಮಾರ್. ನಿಜ ಬರೆದು ಕಳಿಸೋಣ. ಹೋದ ಸಲ ಆಗಿದ್ದು ಬೇರೆಯವರಿಗೆ ಅಂತ.’

‘ಬರೀರಿ. ಪೊಲೀಸು ಮೊದಲು ಸಿಂಧಘಟ್ಟಕ್ಕೆ ಹೋಗ್ತಾರೆ. ಕಾರ್ಡು ಕೊಟ್ಟೋರು, ತಗೊಂಡೋರು, ಇಬ್ರೂ ಒಳಗೆ. ಆಮೇಲೆ ನಾನು, ಆಮೇಲೆ ನೀವು.’

ಬಾಗಿಲು ಅರ್ಧ ತೆರೆದಿತ್ತು. ಹೊರಗಿನ ಬೆಂಚಿನ ಮೇಲಿದ್ದ ಪುಟ್ಟತಾಯಮ್ಮನಿಗೆ ಇಂಗ್ಲಿಷು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿಸಿತು. ಅವಳಿಗೆ ಅರ್ಥವಾದದ್ದು ಒಂದೇ: ತನ್ನ ಹೊಟ್ಟೆಯ ನಿಜ ಹೇಳಿದರೆ ಪ್ರಮೀಳಾ ಸಿಕ್ಕಿಬೀಳುತ್ತಾಳೆ. ಪಕ್ಕದಲ್ಲಿ ಕೂತಿದ್ದ ಪ್ರಮೀಳಾಗೆ ‘ಏಳು, ಬಸ್ಸು ಓಯ್ತದೆ’ ಅಂದಳು. ಕೊಟ್ಟಿದ್ದ ಮಾತ್ರೆಗಳನ್ನು ಸೆರಗಿಗೆ ಕಟ್ಟಿಕೊಂಡು ಕೆ.ಆರ್. ಪೇಟೆ ಬಸ್ಸು ಹತ್ತಿದಳು.

ಸಮ್ರೀನ್ ಹೊರಗೆ ಬಂದು ನೋಡಿದಾಗ ಬೆಂಚು ಖಾಲಿಯಾಗಿತ್ತು. ಆ ಸಂಜೆಯೇ ಅವರು ಸೊಪ್ಪಿನ ಸಾರು ಉಂಡದ್ದು.

೫

ಕುಮಾರ್ ನನ್ನನ್ನು ಹುಡುಕಿಕೊಂಡು ಬಂದ. ಕಥೆಯಲ್ಲಿ ಅವನಿಗೆ ಇದ್ದ ಕೆಲಸ ಮುಗಿದಿತ್ತು, ಬರಬೇಕಾಗಿರಲಿಲ್ಲ. ಬಂದು ನಿಂತ.

‘ನನ್ನನ್ನ ವಿಲನ್ ಮಾಡಿದ್ದೀರಂತೆ ಸಾರ್.’

‘ಇಲ್ಲಪ್ಪ, ಕಥೆಗೆ ಒಬ್ಬ ಬೇಕಲ್ಲ...’

‘ಒಂದು ಮಾತು ಬರ್ಕೊಳ್ಳಿ. ನಾನು ಸುಳ್ಳು ಹೇಳಿದ್ದಕ್ಕೆ ಪ್ರಮೀಳಾ ಬದುಕಿದ್ಲು. ಮೇಡಂ ಸುಳ್ಳು ಹೇಳಲ್ಲ ಅಂದಿದ್ದಕ್ಕೆ ಆ ಯಮ್ಮ ನೋವಿಟ್ಕೊಂಡು ಬಸ್ ಹತ್ತಿದ್ರು. ಈಗ ಮೇಡಂ ಕ್ಯಾಷ್ ಅಂತ ಬೋರ್ಡ್ ಹಾಕವ್ರೆ. ಅವರ ಕೈ ಶುದ್ಧ ಆಯ್ತು, ಸಂತೋಷ. ಕಾರ್ಡೊಂದನ್ನೇ ನಂಬ್ಕೊಂಡಿರೋರು ಎಲ್ಲಿಗೆ ಹೋಗ್ಬೇಕು ಅಂತ ಅವರನ್ನ ಕೇಳಿ.’

ನಾನು ಸಮ್ರೀನರನ್ನು ಕೇಳಿದೆ. ಅವರು ಕೈ ತೊಳೆಯುತ್ತಿದ್ದರು.

‘ಅವನು ಹೇಳಿದ್ದು ಸರಿ,’ ಅಂದರು. ‘ಇನ್ನೊಂದು ಅಂಗ ಅಳಿಸೋಕೆ ನನ್ನ ಕೈಯಲ್ಲಿ ಆಗ್ಲಿಲ್ಲ, ಅಷ್ಟೇ ಗೊತ್ತು ನಂಗೆ.’

ಒಳ್ಳೆಯ ಲೇಖಕನಾಗಿದ್ದರೆ ಇಲ್ಲಿ ಅವರ ಬಾಯಿಗೆ ಒಂದು ಉತ್ತರ ಇಡುತ್ತಿದ್ದ. ನನಗೂ ಇಡಬೇಕು ಅನ್ನಿಸಿತು. ಎರಡು ಸಲ ಬರೆದು ನೋಡಿದೆ, ಭಾಷಣದ ಹಾಗಿತ್ತು.

೬

ಕ್ಲಿನಿಕ್ ಇರುವುದು ಹೆದ್ದಾರಿಯಿಂದ ಊರೊಳಗೆ ತಿರುಗುವ ರಸ್ತೆಯಲ್ಲಿ, ಸಮ್ರೀನರ ಅಪ್ಪ ವಜೀರ್ ಪಾಷಾರ ಅಂಗಡಿಯ ಅರ್ಧಭಾಗದಲ್ಲಿ. ಅವರದು ಕುಷನ್ ಕೆಲಸ. ಆಟೋ, ಟೆಂಪೋ, ಲಾರಿ ಸೀಟು ಹೊಲಿಯುವವರು. ಮಧ್ಯೆ ಒಂದು ಪ್ಲೈವುಡ್ ಗೋಡೆ. ಆ ಕಡೆ ಹೊಲಿಗೆ ಮಿಷನ್ನಿನ ಸದ್ದು, ಈ ಕಡೆ ಕೆಮ್ಮು. ಪೇಷಂಟ್ ಮಲಗುವ ಹಾಸಿಗೆಯನ್ನೂ ಅವರೇ ಹೊಲಿದಿದ್ದಾರೆ, ಲಾರಿ ಸೀಟಿನ ಕೆಂಪು ರೆಕ್ಸಿನ್ನಿನಲ್ಲಿ. ಬಾಗಿಲಲ್ಲಿ ಹೆಸರು ಬರೆದುಕೊಂಡು ಒಳಗೆ ಬಿಡುವವಳು ಸಮ್ರೀನರ ಚಿಕ್ಕಪ್ಪನ ಮಗಳು ನೂರ್ ಫಾತಿಮಾ.

ಮಗಳು ಪಾಂಡವಪುರ ಬಿಟ್ಟು ಬಂದದ್ದು ವಜೀರ್ ಪಾಷಾರಿಗೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ.

‘ದುಡ್ಡು ಇರೋರ್ಗೆ ಮಾತ್ರ ಡಾಕ್ಟ್ರಾ ನೀನು, ಬೇಟಿ?’ ಅಂತ ಒಂದು ಸಲ ಕೇಳಿದ್ದರು.

‘ಫೀಸು ಕಮ್ಮಿ ಇಟ್ಟಿದ್ದೀನಿ ಅಬ್ಬಾ. ಬೇಡದ ಟೆಸ್ಟ್ ಬರೆಯಲ್ಲ, ಬೇಡದಿದ್ರೂ ಒಂದು ರಾತ್ರಿ ಅಡ್ಮಿಟ್ ಮಾಡ್ಕೊಳಲ್ಲ. ಅಲ್ಲಿ ಜ್ವರಕ್ಕೂ ಮಲಗಿಸ್ತಿದ್ವಿ, ಮಲಗದಿದ್ರೆ ಕಾರ್ಡು ನಡೆಯಲ್ಲ ಅಂತ.’

‘ಕಮ್ಮಿ ಅಂದ್ರೂ ಇಲ್ದೋರ್ಗೆ ಜಾಸ್ತಿನೇ,’ ಅಂದು ಅವರು ಮಿಷನ್ ತುಳಿಯಲು ಹೋದರು.

ನಾನು ಬೆಂಚಿನ ಮೇಲಿದ್ದಾಗಲೇ ಒಂದು ದಿನ ಮುದುಕರೊಬ್ಬರು ಬಂದು, ಹಲಗೆಯ ಮುಂದೆ ನಿಂತು, ಅಂಗಿಯ ಜೇಬಿನಿಂದ ಕಾರ್ಡು ತೆಗೆದು ನೋಡಿ, ಮತ್ತೆ ಹಲಗೆ ನೋಡಿ, ಕಾರ್ಡನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು. ನೂರ್ ಫಾತಿಮಾ ಒಳಗೆ ಹೋಗಿ ಹೇಳಿದಳು. ಸಮ್ರೀನ್ ಪೇಷಂಟನ್ನು ಅಲ್ಲೇ ಬಿಟ್ಟು ರಸ್ತೆಗೆ ಓಡಿದರು. ಮುದುಕರು ಸಿಗಲಿಲ್ಲ. ಸಾಯಂಕಾಲ ಹಲಗೆಯ ಕೆಳಗೆ ‘ಇಲ್ಲದವರು ಒಳಗೆ ಬಂದು ಹೇಳಿ’ ಅಂತ ಬಣ್ಣದಲ್ಲಿ ಬರೆಸಿದರು. ಆದರೆ ನಮ್ಮ ಕಡೆಯ ಜನ ಇಲ್ಲ ಅಂತ ಒಳಗೆ ಬಂದು ಹೇಳುವುದಿಲ್ಲ. ಅದು ಸಮ್ರೀನರಿಗೂ ಗೊತ್ತು.

ಆ ದಿನಗಳಲ್ಲೆಲ್ಲ ಅವರು ಕಾಯುತ್ತಿದ್ದುದು ಒಬ್ಬಳಿಗೆ. ಪುಟ್ಟತಾಯಮ್ಮನ ಫೋನು ಸ್ವಿಚ್ ಆಫ್. ‘ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಪರೇಷನ್ ಪುಕ್ಕಟೆ ಆಗುತ್ತೆ’ ಅಂತ ಸಮ್ರೀನ್ ಅವಳಿಗೆ ಹೇಳಿ ಕಳಿಸಿದರು. ‘ಅಲ್ಲೂ ಕಂಪ್ಯೂಟ್ರು ಮಡ್ಗವ್ರಂತೆ, ಬ್ಯಾಡ’ ಅಂತ ಉತ್ತರ ಬಂತು. ನೋವು ಬಂದು ಹೋಗುತ್ತಿದೆ ಅಂತಲೂ ಸುದ್ದಿ ಬಂತು. ಬಂದು ಹೋಗುವುದು ಒಂದು ದಿನ ಹೋಗದೆ ನಿಲ್ಲುತ್ತದೆ ಅಂತ ಡಾಕ್ಟರಿಗೆ ಗೊತ್ತಿತ್ತು. ಆಗ ವಜೀರ್ ಪಾಷಾ ಸೀಟು ಹೊಲಿಸಲು ಬರುವ ಡ್ರೈವರುಗಳಿಗೆಲ್ಲ ಹೇಳತೊಡಗಿದರು: ‘ಸಂತೆಬಾಚಹಳ್ಳಿ ಸಂತೆಗೆ ಹೋಗ್ತೀಯಾ? ಸಿಂಧಘಟ್ಟದೋರು ಯಾರಾದ್ರೂ ಸಿಕ್ಕಿದ್ರೆ ಪುಟ್ಟತಾಯಮ್ಮಂಗೆ ಹೇಳು ಭಯ್ಯಾ, ಡಾಕ್ಟ್ರಮ್ಮ ಕೇಳ್ತಾವ್ರೆ ಅಂತ. ಇಲ್ಲಿ ಕಂಪ್ಯೂಟ್ರು ಇಲ್ಲ, ನನ್ನ ಹೊಲಿಗೆ ಮಿಷನ್ ಒಂದೇ.’

‘ಬರ್ತಾರಾ ಅಬ್ಬಾ?’ ಅಂತ ಸಮ್ರೀನ್ ಕೇಳಿದರು.

‘ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ,’ ಅಂದರು ಅವರು. ಆದರೆ ಅಷ್ಟು ಗಟ್ಟಿಯಾಗಿ ಅನ್ನಲಿಲ್ಲ.

೭

ಇಲ್ಲಿಗೆ ಬಂದು ಕಥೆ ನಿಂತುಬಿಟ್ಟಿತು. ನಿಂತಾಗ ನಮ್ಮಂಥವರು ಮಾಡುವುದು ಒಂದೇ ಕೆಲಸ: ಯಾರನ್ನಾದರೂ ಸಾಯಿಸುವುದು.

ಅಂತ್ಯ ಒಂದು. ಪುಟ್ಟತಾಯಮ್ಮ ಕೊನೆಗೂ ಹೊರಡುತ್ತಾಳೆ. ಬಸ್ಸು ಚಿನಕುರಳಿ ದಾಟುವಾಗ ಪಿತ್ತಕೋಶ ಒಡೆಯುತ್ತದೆ. ಕಂಡಕ್ಟರ್ ಶಿಳ್ಳೆ ಹೊಡೆಯುತ್ತಾನೆ. ಕ್ಲಿನಿಕ್ಕಿನ ಗೋಡೆಯ ಮೇಲೆ ಅವಳ ಫೋಟೋ, ಅದರ ಮುಂದೆ ಸಮ್ರೀನ್.

ಬರೆದು, ನಾನೇ ಓದಿ, ನನ್ನ ಕಣ್ಣಲ್ಲೇ ನೀರು ಬಂತು. (ಸ್ವಂತ ಅಡುಗೆಗೆ ತಾನೇ ಚಪ್ಪರಿಸಿದ ಹಾಗೆ.) ಪುಟ್ಟತಾಯಮ್ಮ ಓದಲಿಲ್ಲ, ನನ್ನಿಂದಲೇ ಓದಿಸಿ ಕೇಳಿದಳು.

‘ನನ್ನ ಸಾಯ್ಸಿ ಡಾಕ್ಟ್ರವ್ವನ್ನ ಒಳ್ಳೇರ್ ಮಾಡ್ತೀಯಾ?’

‘ಹಂಗಲ್ಲ, ಓದುಗರಿಗೆ ತಟ್ಟಬೇಕು ಅಂದ್ರೆ...’

‘ಡಾಕ್ಟ್ರವ್ವ ಒಳ್ಳೇರೇ ಕನಪ್ಪ. ಅದುಕ್ಕೆ ನಾನ್ಯಾಕೆ ಸಾಯ್ಬೇಕು? ಕಂಪ್ನಿಯೋರು ಕಾಗದ್ದಲ್ಲಿ ಒಂದ್ ತಗುದ್ರು. ನೀನು ಕತೇಲಿ ಮಿಕ್ಕಿದ್ದೆಲ್ಲಾನೂವೆ ತಗೀತಿದ್ದೀಯಲ್ಲ. ಅವ್ರಿಗೂ ನಿಂಗೂ ಏನ್ಲಾ ಯತ್ವಾಸ?’

ನಿಜ ಹೇಳುತ್ತೇನೆ, ನಾಚಿಕೆಯಾಯಿತು. ಅಂತ್ಯ ಒಂದನ್ನು ಅವಳೆದುರಿಗೇ ಹರಿದೆ. ‘ಒಲೆಗಾಯ್ತದೆ ಕೊಡು’ ಅಂತ ಚೂರುಗಳನ್ನು ಇಸಿದುಕೊಂಡಳು.

ಅಂತ್ಯ ಎರಡು. ಪ್ರಮೀಳಾ ತಾನೇ ಕಂಪನಿಯ ಆಫೀಸಿಗೆ ಹೋಗಿ ಎಲ್ಲ ಒಪ್ಪಿಕೊಳ್ಳುತ್ತಾಳೆ. ಅಧಿಕಾರಿಯ ಮನ ಕರಗುತ್ತದೆ. ಇದನ್ನು ಬರೆಯುವ ಮೊದಲೇ ಪ್ರಮೀಳಾ ಒಪ್ಪಿಬಿಟ್ಟಳು. ಆಪರೇಷನ್ ಆದಂದಿನಿಂದ ಅವಳು ಪುಟ್ಟತಾಯಮ್ಮನ ಹಸುಗಳ ಸಗಣಿ ಬಾಚುತ್ತಾಳೆ, ಹುಲ್ಲು ಹಾಕುತ್ತಾಳೆ. ಯಾರೂ ಹೇಳಿದ್ದಲ್ಲ.

‘ಓಗ್ತೀನಿ ಸಾ. ಜೈಲ್ಗಾಕುದ್ರೆ ಆಕ್ಲಿ. ಅಕ್ಕ ರಾತ್ರಿ ನಳ್ಳಾಡದು ಗೋಡೆಯಿಂದ ಕೇಳುಸ್ತದೆ. ನಂಗೆ ನಿದ್ದೆ ಬರಕಿಲ್ಲ. ಅವ್ರದ್ದು ನಾನು ಕಿತ್ಕಂಡಂಗೆ ಆಯ್ತದೆ.’

‘ಬಾಯ್ಮುಚ್ಕಂಡ್ ಕುಂತ್ಕೊ,’ ಅಂದಳು ಪುಟ್ಟತಾಯಮ್ಮ. ‘ಕೊಟ್ಟೋಳು ನಾನು. ಕೊಟ್ಮೇಲೆ ಕೊಟ್ಟಂಗೆ. ಕೊಟ್ಟಿದ್ನ ಜೈಲಿಂದ ವಾಪಸ್ ಇಸ್ಕತಾರಾ ಯಾರಾರಾ?’

ಪ್ರಮೀಳಾ ಅತ್ತಳು. ಎರಡನೇ ಅಂತ್ಯವೂ ಹೋಯಿತು.

ಅಂತ್ಯ ಮೂರು ಸಮ್ರೀನರದು. ನಾಗಮಂಗಲದಲ್ಲಿ ಅವರ ಜೊತೆ ಓದಿದ ಸರ್ಜನ್ ಒಬ್ಬರಿದ್ದಾರೆ, ಅವರೂ ಒಪ್ಪಂದಗಳನ್ನು ಬಿಟ್ಟವರು. ಔಷಧಿ, ಆಪರೇಷನ್ ಥಿಯೇಟರಿನ ಖರ್ಚು ಬಿಟ್ಟು ಬೇರೇನೂ ತಗೊಳ್ಳದೆ ಮಾಡಿಕೊಡುತ್ತೇನೆ ಅಂದಿದ್ದಾರೆ. ಕಾರ್ಡು ಬೇಡ, ಅನುಮತಿ ಬೇಡ, ಅವಳ ಹೆಸರಿನಲ್ಲೇ ಅವಳ ಆಪರೇಷನ್. ಆಗುತ್ತದೆ, ಮನೆಗೆ ಹೋಗುತ್ತಾಳೆ.

‘ಇದು ತೀರಾ ಸಲೀಸಾಯ್ತು ಡಾಕ್ಟ್ರೇ,’ ಅಂದೆ. ‘ಆರೋಗ್ಯ ಇಲಾಖೆ ಜಾಹೀರಾತಿನ ಹಾಗಿದೆ.’

ಅವತ್ತು ಮಾತ್ರ ಅವರಿಗೆ ಸಿಟ್ಟು ಬಂತು.

‘ನಾನು ದಿನಾ ಮಾಡೋ ಕೆಲಸ ಇದೇ ಸಾರ್. ಜನ ಬರ್ತಾರೆ, ವಾಸಿಯಾಗಿ ಹೋಗ್ತಾರೆ. ವಾಸಿಯಾದ್ರೆ ನಿಮಗದು ಕಥೆ ಅಲ್ವಾ? ಆ ಯಮ್ಮ ಇಲ್ಲಿ ಬಂದು ಕೂತ್ಕೊಂಡ್ರೆ ಸಾಕು, ಅಷ್ಟು ಬರೀರಿ ನೀವು. ಮಿಕ್ಕಿದ್ದು ನಾನು ನೋಡ್ಕೋತೀನಿ.’

ಕನ್ನಡಕ ತೆಗೆದರು. ಕಣ್ಣು ಒರೆಸಿಕೊಳ್ಳಲು ಅಂತ ನನಗೆ ಮೊದಲು ತಿಳಿಯಲಿಲ್ಲ.

೮

ಅಷ್ಟನ್ನೇ ಬರೆಯುತ್ತೇನೆ.

ಪುಟ್ಟತಾಯಮ್ಮ ಬಂದಳು. ಬೆಳಗಿನ ಹಾಲು ಹಾಕಿ, ಸ್ನಾನ ಮಾಡಿ, ತಲೆ ಬಾಚಿ, ಪ್ರಮೀಳಾಳನ್ನು ಕರೆದುಕೊಂಡು ಬಂದಳು. ಮುಖ ಹಳದಿಗಟ್ಟಿತ್ತು. ನಡೆಯುವಾಗ ಬಲಗೈ ಪಕ್ಕೆಯನ್ನು ಬಿಟ್ಟು ಕದಲುತ್ತಿರಲಿಲ್ಲ. ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತಳು. ಪ್ಲೈವುಡ್ಡಿನ ಆಚೆ ಮಿಷನ್ ಓಡುತ್ತಿತ್ತು.

ನೂರ್ ಫಾತಿಮಾ ಕೇಳಿದಳು: ‘ನಿಮ್ಮ ಹೆಸರಮ್ಮಾ?’

‘ಪ್ರಮೀಳಾ,’ ಅಂದಳು ಪುಟ್ಟತಾಯಮ್ಮ.

ನಿಜವಾದ ಪ್ರಮೀಳಾ ತಲೆ ತಗ್ಗಿಸಿದಳು. ನೂರ್ ಫಾತಿಮಾ ಬರೆದುಕೊಂಡಳು. ನಾನು ಇದನ್ನು ಬರೆದಿರಲಿಲ್ಲ, ದೇವರಾಣೆ. ಅವಳ ಕಿವಿಯ ಹತ್ತಿರ ಬಗ್ಗಿದೆ.

‘ಇದೇನವ್ವ ಇದು?’

‘ಅವ್ಳು ನನ್ನೆಸ್ರಲ್ಲಿ ವಾಸಿ ಮಾಡ್ಕಂಡ್ಲು. ನಾನು ಅವ್ಳೆಸ್ರಲ್ಲಿ ಮಾಡ್ಕತೀನಿ. ಪುಟ್ಟತಾಯಮ್ಮಂಗೆ ಪಿತ್ತದ ಚೀಲ ಇಲ್ಲ ಅಂತ ಬರ್ದವ್ರೆ. ಪ್ರಮೀಳಾಗೆ ಐತಲ್ಲ, ಕಾಗದ್ದಲ್ಲಿ. ಸರೋಯ್ತು.’

‘ಇಲ್ಲಿ ಯಾರೂ ಕೇಳಲ್ಲ ಕಣವ್ವ. ಕಾರ್ಡೇ ಬೇಡ ಇಲ್ಲಿ. ನಿನ್ನ ಹೆಸರೇ ಹೇಳು.’

‘ನಿಂಗೇನ್ ಗೊತ್ತು. ನನ್ನೆಸ್ರು ಯೋಳುದ್ರೆ ಕಂಪ್ಯೂಟ್ರು ಎಲ್ಲಿದ್ರೂ ಕೇಳುಸ್ಕತದೆ. ಆ ಎಸ್ರು ಕೆಟ್ಟೋಯ್ತು ಬುಡು. ಮನೇಲ್ ಕರೆಯಕ್ಕೆ ಸಾಕು.’

ನಾನು ಬರೆಯುವವನು. ‘ಪ್ರಮೀಳಾ’ ಹೊಡೆದು ‘ಪುಟ್ಟತಾಯಮ್ಮ’ ಅಂತ ಬರೆಯುವುದು ನನಗೆಷ್ಟು ಹೊತ್ತಿನ ಕೆಲಸ? ಬರೆದೆ. ಅವಳು ಬಾಯಿ ತೆರೆಯಲಿಲ್ಲ. ಮತ್ತೆ ಬರೆದೆ. ಇಲ್ಲ. ಐವತ್ತು ದಾಟಿದ ಹೆಂಗಸು, ಗಂಡ ಸತ್ತ ಮೇಲೆ ಒಬ್ಬಳೇ ಗದ್ದೆ ನೋಡಿಕೊಂಡವಳು, ತನ್ನ ಹೆಸರಿಗೆ ಹೆದರಿ ಕೂತಿದ್ದಳು. ಅವಳನ್ನು ಆ ಸ್ಥಿತಿಗೆ ತಂದವರಲ್ಲಿ ಕಂಪನಿಯಿತ್ತು, ಕುಮಾರನಿದ್ದ, ಡಾಕ್ಟರಿದ್ದರು. ಈ ಕಥೆ ಬೇಕು ಅಂದುಕೊಂಡ ನಾನೂ ಇದ್ದೆ.

ಸರದಿ ಬಂತು. ‘ಪ್ರಮೀಳಾ,’ ಅಂತ ನೂರ್ ಫಾತಿಮಾ ಕರೆದಳು.

ಪುಟ್ಟತಾಯಮ್ಮ ಹೊರಗೆ ಹೋಗುತ್ತಿದ್ದ ಬಸ್ಸು ನೋಡುತ್ತಿದ್ದಳು. ರೂಢಿಯ ಮೇಲೆ ನಿಜವಾದ ಪ್ರಮೀಳಾ ಅರ್ಧ ಎದ್ದು, ಮತ್ತೆ ಕೂತಳು. ‘ಪ್ರಮೀಳಾ,’ ಅಂತ ಇನ್ನೊಮ್ಮೆ ಕರೆದಳು. ಯಾರೂ ಏಳಲಿಲ್ಲ.

ಪರದೆ ಸರಿಸಿ ಸಮ್ರೀನ್ ಬಾಗಿಲಿಗೆ ಬಂದರು. ಬೆಂಚಿನ ಮೇಲಿದ್ದ ಇಬ್ಬರು ಹೆಂಗಸರನ್ನೂ ನೋಡಿದರು. ಕರೆದ ಹೆಸರಿಗೆ ತಿರುಗದ ಹೆಂಗಸನ್ನು ಅವರು ಹಿಂದೆ ಒಂದು ಸಲ ನೋಡಿದ್ದರು. ಆವತ್ತು ಸುಮ್ಮನಿದ್ದರು. ಇವತ್ತೂ ಸುಮ್ಮನಿರಬಹುದಿತ್ತು, ಯಾವ ಹೆಸರಾದರೂ ಹೊಟ್ಟೆ ಅದೇ, ಫೀಸು ಅದೇ, ಕೇಳುವವರು ಯಾರೂ ಇಲ್ಲ. ನೂರ್ ಫಾತಿಮಾಳ ಕೈಯಿಂದ ಚೀಟಿ ತಗೊಂಡು ಓದಿದರು. ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡರು.

‘ಪುಟ್ಟತಾಯಮ್ಮ,’ ಅಂದರು.

ಮಿಷನ್ ಸದ್ದು ನಿಂತಿತು. ಪ್ಲೈವುಡ್ಡಿನ ಆಚೆ ವಜೀರ್ ಪಾಷಾ ಕೇಳಿಸಿಕೊಂಡಿದ್ದರು.

ಪುಟ್ಟತಾಯಮ್ಮ ಮೊದಲು ಪ್ರಮೀಳಾಳ ಕಡೆ ನೋಡಿದಳು. ಪ್ರಮೀಳಾ ಅವಳ ಬೆನ್ನಿನ ಮೇಲೆ ಕೈಯಿಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದಳು. ‘ಓಗಕ್ಕ. ನಿನ್ನೇ ಕರೀತಾವ್ರೆ.’

‘ಊಂ,’ ಅಂದಳು ಪುಟ್ಟತಾಯಮ್ಮ. ಎದ್ದಳು.

೯

ನಾನೂ ಪುಸ್ತಕ ಹಿಡಿದುಕೊಂಡು ಹಿಂದೆಯೇ ಒಳಗೆ ಹೋದೆ. ಲೇಖಕ ಎಲ್ಲಿಗಾದರೂ ಹೋಗಬಹುದು ಅನ್ನುವುದು ನಮ್ಮ ಹಳೇ ಹಮ್ಮು. ಕೆಂಪು ರೆಕ್ಸಿನ್ನಿನ ಮೇಲೆ ಮಲಗುತ್ತಾ ಪುಟ್ಟತಾಯಮ್ಮ ನನ್ನನ್ನು ಕಂಡಳು.

‘ನೀನೆಲ್ಲಿಗ್ಲಾ ಬತ್ತಿದ್ದೀಯ?’

‘ಉಸಿರು ನಿಲ್ಲುತ್ತೋ ಇಲ್ವೋ ನೋಡ್ಬೇಕಲ್ಲವ್ವ. ನಿಂತರೆ ಇವತ್ತೇ ನಾಗಮಂಗಲಕ್ಕೆ ಕರ್ಕೊಂಡೋಗ್ಬೇಕು, ನಿಲ್ಲದಿದ್ರೆ ಒಂದಿಷ್ಟು ದಿನ ಟೈಮಿದೆ. ಓದೋರಿಗೆ ಹೇಳ್ಬೇಕಲ್ಲ.’

‘ಓದೋರ್ಗೂ ಆಚೆ ಕುಂತ್ಕಳಕ್ಕೆ ಯೋಳು. ಇದು ನನ್ನೊಟ್ಟೆ. ಇದ್ರೊಳ್ಗೆ ಏನೈತೆ, ಏನಿಲ್ಲ ಅಂತ ಬರ್ದೋರೆಲ್ಲ ಸಾಕು.’

ಸಮ್ರೀನ್ ಬಾಗಿಲ ಕಡೆ ನೋಡಿದರು. ನಾನು ಹೊರಗೆ ಬಂದೆ. ಪರದೆ ಮುಚ್ಚಿತು.

ಆದ್ದರಿಂದ ನನಗೆ ಗೊತ್ತಿಲ್ಲ. ನಿಮ್ಮ ಹಾಗೇ ನಾನೂ ಬೆಂಚಿನ ಮೇಲಿದ್ದೇನೆ. ಅಂತ್ಯ ಮೂರು ಆಯಿತೋ ಇಲ್ಲವೋ ಅಂತ ನನ್ನನ್ನು ಕೇಳಬೇಡಿ; ಗೊತ್ತಾದರೂ ಹೇಳುವ ಹಕ್ಕು ನನ್ನದಲ್ಲ. ಕುಮಾರನ ಪ್ರಶ್ನೆ ಹಾಗೇ ಇದೆ. ಕಾರ್ಡು ಜೇಬಿಗೆ ಹಾಕಿಕೊಂಡು ಹೋದ ಮುದುಕರು ಎಲ್ಲಿದ್ದಾರೋ. ವಜೀರ್ ಪಾಷಾ ಸೂಜಿ ದಾರ ಕೈಯಲ್ಲೇ ಹಿಡಿದು ಈ ಕಡೆ ಬಂದು ನಿಂತಿದ್ದಾರೆ. ಪ್ರಮೀಳಾ ತನ್ನ ಬಲಪಕ್ಕೆಯ ಮೇಲೆ, ಹಳೆಯ ಗಾಯದ ಗುರುತಿರುವ ಜಾಗದಲ್ಲಿ ಅಂಗೈ ಇಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದಾಳೆ.

ಒಳಗಿನಿಂದ ಡಾಕ್ಟರ ದನಿ ಕೇಳಿತು.

‘ನಿಧಾನಕ್ಕೆ ಉಸಿರು ಎಳ್ಕೊಳ್ಳಿ, ಪುಟ್ಟತಾಯಮ್ಮ.’

ಬೆಂಚಿನ ಮೇಲೆ ಪ್ರಮೀಳಾ ಉಸಿರು ಎಳೆದುಕೊಂಡಳು. ನಾನೂ ಎಳೆದುಕೊಂಡೆ.